ಚೆಂಡಿನ ಮೇಲೊಂದು ತ್ರಿಕೋನ, ಆಕಾಶದಲ್ಲೊಂದು ತ್ರಿಕೋನ

2024 ನವೆಂಬರ್ 17, ಭಾನುವಾರ

ಇವತ್ತು ಬೆಳಿಗ್ಗೆ ಎದ್ದವನೇ ಒಂದು ರಬ್ಬರ್ ಚೆಂಡು, ಒಂದು ಮಾರ್ಕರ್ ಪೆನ್ನು ಹಿಡಿದು ಕೂತೆ. ವಿಶ್ವದ ಆಕಾರದ ಬಗ್ಗೆ ಒಂದು ವಾರದಿಂದ ಓದುತ್ತಿದ್ದೇನೆ. ಓದಿದ್ದು ಅರ್ಥ ಆದ ಹಾಗಿತ್ತು, ಆದರೂ ಕೈಯಿಂದ ಮಾಡಿ ನೋಡದೆ ಸಮಾಧಾನ ಇರಲಿಲ್ಲ.

ಚೆಂಡಿನ ನೆತ್ತಿಯಲ್ಲಿ ಒಂದು ಚುಕ್ಕೆ ಇಟ್ಟೆ. ಅಲ್ಲಿಂದ ನೇರ ಕೆಳಗೆ, ಚೆಂಡಿನ ಸೊಂಟದವರೆಗೆ ಗೆರೆ ಎಳೆದೆ. ಅಲ್ಲಿ 90 ಡಿಗ್ರಿ ತಿರುಗಿ, ಸೊಂಟದ ಗುಂಟ ಕಾಲು ಸುತ್ತು. ಮತ್ತೆ ಅದೇ ಕಡೆಗೆ 90 ಡಿಗ್ರಿ ತಿರುಗಿ ನೆತ್ತಿಗೆ ವಾಪಸ್. ಮೂರು ಗೆರೆ, ಮೂರು ಮೂಲೆ, ಮೂರೂ ಲಂಬಕೋನ. ಕೂಡಿದರೆ 270! ತ್ರಿಕೋನದ ಮೂರು ಕೋನ ಸೇರಿದರೆ 180 ಅಂತ ಶಾಲೆಯಲ್ಲಿ ಕಲಿತದ್ದು ಸಪಾಟು ಹಾಳೆಗೆ ಮಾತ್ರ. ಕುದುರೆಯ ಜೀನಿನ ಹಾಗೆ ಬಾಗಿರುವ ಮೈಯ ಮೇಲೆ ಬರೆದರೆ 180ಕ್ಕಿಂತ ಕಡಿಮೆ ಬರುತ್ತದೆ.

ಚೆಂಡು ದುಂಡಗಿದೆ ಅಂತ ತಿಳಿಯಲು ಅದರಿಂದ ದೂರ ನಿಂತು ನೋಡಬೇಕಾಗಿಲ್ಲ, ಅಲ್ವಾ? ಅದರ ಮೇಲೆ ಓಡಾಡುವ ಇರುವೆಗೆ ಕೋನ ಅಳೆಯಲು ಬಂದರೆ ಸಾಕು. ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ವಿಶ್ವ ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ನಾನು ಎಷ್ಟೋ ವರ್ಷ ಸುಮ್ನೆ ಯೋಚಿಸಿದ್ದೇನೆ. ವಿಜ್ಞಾನಿಗಳು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಜಾಗದ ಬಾಗನ್ನು ಒಳಗಿನಿಂದಲೇ ಅಳೆಯುವ ಗಣಿತವನ್ನು 1854ರಲ್ಲಿ ಜರ್ಮನಿಯ ಗಣಿತಜ್ಞ ರೀಮಾನ್ ಮುಂದಿಟ್ಟರು. ಜಾಗವನ್ನು ಬಾಗಿಸುವುದು ಅದರೊಳಗೆ ಇರುವ ವಸ್ತು ಮತ್ತು ಶಕ್ತಿ ಎಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು.

ಹಾಗಾದರೆ ವಿಶ್ವದಲ್ಲಿ ಎಷ್ಟು ಸರಕು ತುಂಬಿದೆ ಎನ್ನುವುದರ ಮೇಲೆ ಅದರ ಆಕಾರ ನಿಂತಿದೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಗೆ ಸರಾಸರಿ ಐದಾರು ಹೈಡ್ರೋಜನ್ ಪರಮಾಣುಗಳಷ್ಟು ತೂಕ ಇದ್ದರೆ ಜಾಗ ಸಪಾಟು. ಜಾಸ್ತಿ ಇದ್ದರೆ ಚೆಂಡಿನ ಕಡೆಗೆ, ಕಡಿಮೆ ಇದ್ದರೆ ಜೀನಿನ ಕಡೆಗೆ ಬಾಗುತ್ತದೆ. ಐದಾರು ಪರಮಾಣು ಅಷ್ಟೇ! ಈ ಲೆಕ್ಕ ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸರಿ, ಅಷ್ಟು ದೊಡ್ಡ ತ್ರಿಕೋನವನ್ನು ಎಲ್ಲಿ ಬರೆಯುವುದು? ಆಕಾಶದಲ್ಲೇ ಒಂದು ಸಿಕ್ಕಿದೆ. ವಿಶ್ವಕ್ಕೆ ಸುಮಾರು 3,80,000 ವರ್ಷ ಆಗಿದ್ದಾಗ ಹೊರಟ ಬೆಳಕು ಇವತ್ತಿಗೂ ಎಲ್ಲ ದಿಕ್ಕಿನಿಂದ ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆಗಳಾಗಿ ಬರುತ್ತಿದೆ. ಪೆನ್ಜಿಯಾಸ್ ಮತ್ತು ವಿಲ್ಸನ್ ಅದನ್ನು ಪತ್ತೆ ಮಾಡಿದ ಸುದ್ದಿ 1965ರಲ್ಲಿ ಹೊರಬಂತು. ಆ ಬೆಳಕಿನಲ್ಲಿ ಸ್ವಲ್ಪ ಬಿಸಿ, ಸ್ವಲ್ಪ ತಣ್ಣನೆಯ ಕಲೆಗಳಿವೆ. ಆಗಿನ ಕುದಿಯುವ ವಿಶ್ವದಲ್ಲಿ ಶಬ್ದದ ಅಲೆಗಳು ಓಡುತ್ತಿದ್ದವು, ಈ ಕಲೆಗಳು ಅವು ಬಿಟ್ಟ ಗುರುತು. ಅಷ್ಟು ವರ್ಷದಲ್ಲಿ ಅವು ಎಷ್ಟು ದೂರ ಹೋಗಿರಬಹುದು ಅಂತ ಲೆಕ್ಕ ಹಾಕಬಹುದು. ಹಾಗಾಗಿ ಕಲೆಗಳ ನಿಜವಾದ ಅಳತೆ ಗೊತ್ತು. ಅವು ಎಷ್ಟು ದೂರದಲ್ಲಿವೆ ಎಂಬುದೂ ಗೊತ್ತು. ಕಲೆಯ ಎರಡು ಅಂಚು, ಮೂರನೇ ಮೂಲೆಯಲ್ಲಿ ನಾವು. ತ್ರಿಕೋನ ಸಿದ್ಧ.

ಜಾಗ ಸಪಾಟಾಗಿದ್ದರೆ ಆ ಕಲೆಗಳು ಸುಮಾರು ಒಂದು ಡಿಗ್ರಿ ಅಗಲ ಕಾಣಬೇಕು. ತೋಳು ಚಾಚಿ ಕಿರುಬೆರಳು ಎತ್ತಿ ಹಿಡಿಯಿರಿ, ಅದು ಮರೆಮಾಡುವಷ್ಟು. ಚೆಂಡಿನಂತಿದ್ದರೆ ಇನ್ನೂ ದೊಡ್ಡದಾಗಿ, ಜೀನಿನಂತಿದ್ದರೆ ಚಿಕ್ಕದಾಗಿ ಕಾಣಬೇಕು. 1998ರ ಕೊನೆಯಲ್ಲಿ ಅಂಟಾರ್ಕ್ಟಿಕಾದ ಮೇಲೆ, ಈ ಕಲೆಗಳನ್ನು ಅಳೆಯುವ ದೂರದರ್ಶಕ ಹೊತ್ತ ಒಂದು ಬಲೂನು ಹಾರಿಸಿದರು. ಬೂಮರಾಂಗ್ ಅಂತ ಅದರ ಹೆಸರು. ಹತ್ತು ದಿನಗಳಷ್ಟು ಕಾಲ ದಕ್ಷಿಣ ಧ್ರುವವನ್ನು ಸುತ್ತಿ ಬಂತು. 2000ದಲ್ಲಿ ಫಲಿತಾಂಶ ಬಂದಾಗ ಕಲೆಗಳು ಒಂದು ಡಿಗ್ರಿಯ ಹತ್ತಿರವೇ ಇದ್ದವು. ಅದೇ ಬೆಳಕನ್ನು ಅಳೆಯಲು 2009ರಲ್ಲಿ ಮೇಲೇರಿದ ಪ್ಲಾಂಕ್ ಉಪಗ್ರಹದ ಅಳತೆಗಳನ್ನು ಗೆಲಾಕ್ಸಿಗಳ ಹರಡಿಕೆಯ ಅಳತೆಗಳ ಜೊತೆ ಸೇರಿಸಿ ನೋಡಿದಾಗ, ಸಪಾಟಿನಿಂದ ವ್ಯತ್ಯಾಸ ಇದ್ದರೂ ಅದು ಶೇಕಡಾ ಒಂದಕ್ಕಿಂತ ಕಡಿಮೆ ಎಂದು ತಿಳಿಯಿತು.

ಸಪಾಟು ಅಂದಮೇಲೆ ಕೊನೆಯೇ ಇಲ್ಲದೆ ಹರಡಿದೆ ಅಂತ ಮಧ್ಯಾಹ್ನದವರೆಗೂ ಅಂದುಕೊಂಡಿದ್ದೆ. ಆಮೇಲೆ ಒಂದು ಹಾಳೆಯ ಮೇಲೆ ತ್ರಿಕೋನ ಬರೆದು, ಹಾಳೆಯನ್ನು ಕೊಳವೆಯಂತೆ ಸುತ್ತಿ ಅಂಚಿಗೆ ಅಂಟು ಹಚ್ಚಿದೆ. ಎಲ್ಲೂ ಹಿಗ್ಗಲಿಲ್ಲ, ಸುಕ್ಕಾಗಲಿಲ್ಲ. ಕೋನಗಳು ಈಗಲೂ 180ಕ್ಕೇ ಕೂಡುತ್ತವೆ. ಆದರೆ ಬೆರಳನ್ನು ಅಡ್ಡಕ್ಕೆ ನೇರವಾಗಿ ಓಡಿಸಿದರೆ ಹೊರಟಲ್ಲಿಗೇ ಬರುತ್ತದೆ. ಹಳೇ ಮೊಬೈಲಿನ ಹಾವಿನ ಆಟದಲ್ಲಿ ಹಾವು ಬಲಗಡೆ ಹೊರಗೆ ಹೋಗಿ ಎಡಗಡೆಯಿಂದ ಒಳಗೆ ಬರುತ್ತಿತ್ತಲ್ಲ, ಹಾಗೆ. ನಮ್ಮ ವಿಶ್ವವೂ ಎಲ್ಲ ದಿಕ್ಕಿಗೂ ಹೀಗೆ ಹೊಲಿದುಕೊಂಡಿರಬಹುದು. ತ್ರಿಕೋನ ಎಷ್ಟೇ ಸರಿಯಾಗಿ ಅಳೆದರೂ ಈ ಹೊಲಿಗೆ ಅದಕ್ಕೆ ಸಿಗುವುದಿಲ್ಲ.

ಅದಕ್ಕೆ ಬೇರೆಯೇ ಹುಡುಕಾಟ. ಬೆಳಕು ಎರಡು ದಾರಿಯಲ್ಲಿ ಸುತ್ತಿ ಬಂದಿದ್ದರೆ, ಆ ಹಳೆಯ ಬೆಳಕಿನ ನಕ್ಷೆಯಲ್ಲಿ ಒಂದೇ ಕಲೆಗಳ ಸಾಲು ಇರುವ ಎರಡು ವೃತ್ತಗಳು ಆಕಾಶದ ಎರಡು ಕಡೆ ಕಾಣಬೇಕು. ಪ್ಲಾಂಕ್ ನಕ್ಷೆಯಲ್ಲೂ ಹುಡುಕಿದರು. ಜೋಡಿ ಸಿಕ್ಕಿಲ್ಲ. ಹೊಲಿಗೆ ನಮ್ಮ ಬೆಳಕು ಮುಟ್ಟದಷ್ಟು ದೂರ ಇರಬಹುದು, ಇಲ್ಲದೆಯೂ ಇರಬಹುದು.

ರಾತ್ರಿ ಮಹಡಿಗೆ ಹೋಗಿ ಕಿರುಬೆರಳು ಎತ್ತಿ ಚಂದ್ರನ ಮುಂದೆ ಹಿಡಿದೆ. ಚಂದ್ರ ಅರ್ಧ ಡಿಗ್ರಿ, ಪೂರ್ತಿ ಮುಚ್ಚಿಹೋದ. ಆಮೇಲೆ ಬೆರಳನ್ನು ಪಕ್ಕದ ಕತ್ತಲಿಗೆ ಸರಿಸಿ, ಅಲ್ಲಿರುವ ಒಂದು ಕಲೆಯನ್ನು ನೆನೆದು ತುಂಬ ಹೊತ್ತು ನಿಂತಿದ್ದೆ.