ಜೊಳ್ಳಿನ ರಾಶಿಯಲ್ಲಿ ಕೊನೆಗೂ ಗಟ್ಟಿ ಬೀಜ: ಕಾಡುಬೆಂಡೆ ಸಂಕರಣ ಎಲ್ಲಿಗೆ ಬಂತು

ಬೆಂಡೆಗೂ ಅದರ ಕಾಡು ಸಂಬಂಧಿಯಾದ ಅಬೆಲ್ಮೋಸ್ಕಸ್ ಟೆಟ್ರಾಫಿಲ್ಲಸ್‌ಗೂ ನಡೆಸಿದ ಸಂಕರಣದ ಮೊದಲ ಪೀಳಿಗೆಯ ಗಿಡಗಳು ಇಷ್ಟು ಕಾಲ ನನ್ನನ್ನು ಅಣಕಿಸುತ್ತಲೇ ಇದ್ದವು. ಗಿಡ ಹುಲುಸಾಗಿ ಬೆಳೆಯುತ್ತದೆ, ಹೂ ಬಿಡುತ್ತದೆ, ಕಾಯಿಯೂ ಕಚ್ಚುತ್ತದೆ. ಆದರೆ ಒಣಗಿದ ಕಾಯಿಯನ್ನು ಏಣಿನ ಗುಂಟ ಸೀಳಿದರೆ ಒಳಗಿರುವುದೆಲ್ಲ ಉಗುರಿನಿಂದ ಒತ್ತಿದ ಕೂಡಲೇ ಅಪ್ಪಚ್ಚಿಯಾಗುವ ಜೊಳ್ಳು. ಈ ವಾರ ಒಡೆದ ಕಾಯಿಗಳಲ್ಲಿ ಮೊದಲ ಬಾರಿಗೆ ಉಗುರಿಗೆ ಜಗ್ಗದ, ನೀರಿಗೆ ಹಾಕಿದರೆ ಮುಳುಗುವ ಬೀಜಗಳು ಸಿಕ್ಕಿವೆ.

ಕಾಡುಬೆಂಡೆಯ ಬೆನ್ನು ಹತ್ತಲು ಕಾರಣ ಹಳದಿ ನಂಜುರೋಗ. ಬಿಳಿ ನೊಣ ಹರಡುವ ಈ ವೈರಸ್ ಒಮ್ಮೆ ಗಿಡಕ್ಕೆ ಹೊಕ್ಕರೆ ಔಷಧವಿಲ್ಲ. ಒಂದು ಕಾಲಕ್ಕೆ ಅದನ್ನು ತಡೆದುಕೊಳ್ಳುತ್ತಿದ್ದ ಪೂಸಾ ಸಾವನಿ ಎಂಬ ಬೆಂಡೆ ತಳಿ ಈಗ ಅದಕ್ಕೆ ಸುಲಭದ ತುತ್ತು. ಆಮೇಲೆ ಬಂದ ಪರ್ಭಣಿ ಕ್ರಾಂತಿ, ಅರ್ಕಾ ಅನಾಮಿಕಾ ತಳಿಗಳಿಗೆ ನಿರೋಧಕ ಶಕ್ತಿ ದೊರೆತದ್ದು ಕಾಡು ಸಂಬಂಧಿಗಳಿಂದಲೇ. ಅದೇ ಶಕ್ತಿಯನ್ನು ಏಣಿಲ್ಲದ, ದುಂಡಗಿನ ನುಣುಪು ಕಾಯಿಗೆ ಕೂಡಿಸಬೇಕೆಂಬುದು ನನ್ನ ಹಟ, ಏಕೆಂದರೆ ಹೋಳು ಮಾಡಿ ಶೈತ್ಯೀಕರಿಸುವವರಿಗೆ ಉಜ್ಜಿ ಕಪ್ಪಾಗುವ ಏಣುಗಳು ಬೇಡ.

ತೊಡಕಿರುವುದು ಪರಾಗದಲ್ಲಿ. ಬೆಂಡೆಯ ವರ್ಣತಂತುಗಳು (ಕೋಶದೊಳಗೆ ಗುಣಗಳನ್ನು ಹೊರುವ ಎಳೆಗಳು, ಕ್ರೋಮೋಸೋಮ್) ಸಾಮಾನ್ಯವಾಗಿ 130. ಸಂಕರ ಗಿಡದಲ್ಲಿ ಅವುಗಳ ಪೈಕಿ ಎಷ್ಟೋ ಕಾಡಿನವುಗಳೊಡನೆ ಜೋಡಿಯಾಗದೆ ಒಂಟಿಯಾಗಿ ಉಳಿದು, ಕೋಶ ವಿಭಜನೆಯಲ್ಲಿ ದಿಕ್ಕಾಪಾಲಾಗುತ್ತವೆ. ಗಟ್ಟಿ ಪರಾಗಕ್ಕೆ ಕೆಂಪೇರಿಸುವ ಅಸಿಟೋಕಾರ್ಮೈನ್ ಬಣ್ಣದ ಹನಿಯಲ್ಲಿ ಬೆಂಡೆಯ ಪರಾಗ ಮೈತುಂಬ ಮುಳ್ಳಿನೊಡನೆ ಕೆಂಪಗೆ ದುಂಡಗೆ ಕಂಡರೆ, ಸಂಕರದ್ದು ಗಾಳಿ ಹೋದ ಚೆಂಡಿನಂತೆ ಸುಕ್ಕಾಗಿ ಬಿಳಿಚಿಕೊಂಡಿತ್ತು. ಒಂಟಿಯಾದವಕ್ಕೆ ಜೋಡಿ ಸಿಗುವಂತೆ ವರ್ಣತಂತುಗಳನ್ನು ದ್ವಿಗುಣಗೊಳಿಸಲು ಕೊಲ್ಚಿಸಿನ್ ಎಂಬ ರಾಸಾಯನಿಕ ಇದೆಯಾದರೂ, ಆ ವಿಷವನ್ನು ಮನೆಗೆ ತರುವ ಮನಸ್ಸಾಗಲಿಲ್ಲ. ಗಂಡಿನ ಕಡೆ ಕೆಟ್ಟರೂ ಅಂಡಕಗಳಲ್ಲಿ ಕೆಲವಾದರೂ ನೆಟ್ಟಗಿರಬಹುದೆಂಬ ನಂಬಿಕೆಯಿಂದ ಸಂಕರವನ್ನೇ ತಾಯಿಯಾಗಿಸಿ, ದುಂಡು ಕಾಯಿಯ ಬೆಂಡೆಯ ಪರಾಗವನ್ನು ಬೆಳಗಿನ ಪ್ರತಿ ಹೂವಿಗೂ ಜಿಪುಣತನವಿಲ್ಲದೆ ಮೆತ್ತಿದೆ. ಬಹುಪಾಲು ಕಾಯಿ ಉದುರಿದವು. ಉಳಿದವುಗಳಲ್ಲಿ ಸಿಕ್ಕಿದ್ದೇ ಈ ಬೀಜಗಳು.

ಬೀಜ ಪೂರೈಸುವವರ ಕೃಪೆ ಇದ್ದಿದ್ದರೆ ಈ ಮಾತನ್ನು ಹಿಂದಿನ ಹಂಗಾಮಿನಲ್ಲೇ ಬರೆಯಬಹುದಿತ್ತು. ‘ಟೆಟ್ರಾಫಿಲ್ಲಸ್’ ಎಂಬ ಚೀಟಿ ಹೊತ್ತು ಬಂದ ಮೊದಲ ಪೊಟ್ಟಣದ ಬೀಜವನ್ನು ಉಜ್ಜಿದರೆ ಘಮ್ಮೆಂದಿತು, ಕಳುಹಿಸಿದ್ದು ಕಸ್ತೂರಿಬೆಂಡೆ. ಕೇಳಿದಾಗ ಬಂದ ಉತ್ತರ, ‘ಅದೂ ಬೆಂಡೆಯೇ ಅಲ್ಲವೇ?’ ಅತ್ತರು ಕಾಯಿಸುವ ಹವ್ಯಾಸವಿದ್ದಿದ್ದರೆ ಧನ್ಯನಾಗುತ್ತಿದ್ದೆ.

ಈ ನಡುವೆ ಕೆಂಪು ಬೆಂಡೆಯ ಹುಚ್ಚೊಂದು ತಲೆಗೇರಿದೆ. ಆ ಕೆಂಪು ಆಂಥೋಸಯನಿನ್ ಎಂಬ ಸಸ್ಯವರ್ಣದ್ದು. ನೀರಿನಲ್ಲಿ ಕರಗುವುದರಿಂದ ಕಾಯಿ ಬೇಯಿಸಿದರೆ ಹಸಿರಾಗುತ್ತದೆ, ಆದರೆ ಹುಳಿಯಲ್ಲಿ ಅದರ ಕೆಂಪು ಹೆಚ್ಚು ನಿಲ್ಲುತ್ತದೆ. ವಿನೆಗರ್‌ನಲ್ಲಿ ಇಡೀ ಕಾಯಿ ಹಾಕುವವರಿಗೆ ಗಿಡ್ಡ, ದುಂಡು, ಕೆಂಪು ತಳಿಯೊಂದನ್ನು ಮಾಡಬಹುದೇನೋ. ಜಾಗ ಮಾತ್ರ ಇಲ್ಲ, ಮಡಿಗಳನ್ನೆಲ್ಲ ಜೊಳ್ಳು ಗಿಡಗಳೇ ಆಕ್ರಮಿಸಿವೆ.

ಈಗಿನ ಬೀಜಗಳಲ್ಲಿ ಕಾಡಿನ ಪಾಲು ಸುಮಾರು ಕಾಲುಭಾಗ ಉಳಿದಿರುವುದರಿಂದ, ಚುಚ್ಚುವ ಸುಂಕೂ ಬೇಗ ಬಲಿಯುವ ನಾರೂ ಬೆನ್ನಿಗೇ ಬರುತ್ತವೆ. ಸಾಲುಗಳ ನಡುವೆ ರೋಗ ಹರಡಲೆಂದೇ ಪೂಸಾ ಸಾವನಿ ಬಿತ್ತಿ, ಬಿಳಿ ನೊಣಕ್ಕೆ ಏನನ್ನೂ ಸಿಂಪಡಿಸದೆ, ಎಲೆಯ ನರ ಹಳದಿಯಾಗದ ಗಿಡಗಳನ್ನಷ್ಟೇ ಮತ್ತೆ ಬೆಂಡೆಯೊಡನೆ ಕೂಡಿಸಲಿದ್ದೇನೆ. ಆ ಗಿಡಗಳ ಕಾಯಿಗಳನ್ನು ಹೂವಾದ 7ನೆಯ ದಿನ ಕೊಯ್ದು, ತುದಿ ಮುರಿದು ನೋಡುವುದಷ್ಟಕ್ಕೇ ಬಿಡದೆ, ಬಿಲ್ಲೆ ಮಾಡಿ ಹಬೆಗೊಡ್ಡಿ ಶೈತ್ಯೀಕರಿಸಿ ನಾರನ್ನು ಹಲ್ಲಿನಿಂದಲೇ ಪರೀಕ್ಷಿಸುವೆ.