ಕ್ರೌನ್ ಲೊಡಲೊಡ ಅಂದರೆ
ವೋಸ್ಟಾಕ್ ಆಂಫಿಬಿಯಾ ಅನ್ನೋ ರಷ್ಯದ ಡೈವಿಂಗ್ ವಾಚು ಕೊಂಡವರ ಮೊದಲ ದೂರು ಒಂದೇ: ಕ್ರೌನ್, ಅಂದರೆ ಪಕ್ಕದಲ್ಲಿರೋ ಕೀ ಕೊಡುವ ಗುಂಡಿ, ತಿರುಪು ಬಿಚ್ಚಿದಾಗ ಲೊಡಲೊಡ ಅಲ್ಲಾಡುತ್ತೆ. ಕೆಟ್ಟಿಲ್ಲ ಮಾರಾಯ್ರೆ, ಪೆಟ್ಟು ಬಿದ್ದರೂ ಒಳಗಿನ ಕಡ್ಡಿ ಬಾಗಬಾರದು ಅಂತ ಮಾಡಿರೋದೇ ಹಾಗೆ. ಕೀ ಕೊಡುವಾಗ ವಾಚನ್ನು ಕೈಯಿಂದ ಬಿಚ್ಚಿ, ಕ್ರೌನನ್ನು ಹೊರಗೆ ತುಸು ಎಳೆದು ಹಿಡಿದೇ ತಿರುಗಿಸಿ.

ತಾರೀಖು ಬದಲಿಸೋದು ಮಾತ್ರ ಕಸರತ್ತು. ಮುಳ್ಳನ್ನು ರಾತ್ರಿ 12 ದಾಟಿಸಿ, 8ಕ್ಕೆ ಹಿಂದೆ ತಂದು, ಮತ್ತೆ 12 ದಾಟಿಸಬೇಕು. ಬೇಕಾದ ದಿನ ಬರೋವರೆಗೂ ಇದೇ. ಇವತ್ತು ಎಷ್ಟನೇ ತಾರೀಖು ಅನ್ನೋದು ವಾಚು ನೋಡಿಯೇ ಗೊತ್ತಾಗಬೇಕೇ ಅಂತ ಆಗಾಗ ಅನಿಸುತ್ತೆ.

ಹಿಂಬದಿ ಮುಚ್ಚಳದ ಅಡಿ ದಪ್ಪ ರಬ್ಬರ್ ವಾಷರ್ ಇದೆ. ನೀರಿನ ಒತ್ತಡ ಏರಿದಷ್ಟೂ ಮುಚ್ಚಳ ಬಿಗಿಯಾಗುತ್ತೆ, 200 ಮೀಟರ್‌ವರೆಗೆ ಭಯವಿಲ್ಲ. ಅಕ್ರಿಲಿಕ್ ಗಾಜಿನ ಸಣ್ಣ ಗೀರು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತೆ. ದಿನಕ್ಕೆ ಅರ್ಧ ನಿಮಿಷ ಮುಂದೋಡಿದರೆ ಮಾಮೂಲು. ಒಮ್ಮೆಲೇ ಹಲವು ನಿಮಿಷ ಓಡಿದರೆ ಆಯಸ್ಕಾಂತದ ಪ್ರಭಾವ ತಗುಲಿರಬಹುದು, ತೆಗೆಸಿ.