ಗಿರಣಿ ಬೇರಿಂಗ್‌ಗೆ ಕಿವಿ: ಬಫರ್ ಜಾಗಕ್ಕೆ ಕೂತ ವಾರ

ಹೋದ ವಾರದವರೆಗೂ ಗಿರಣಿಯ ಸದ್ದನ್ನು ಸೋಸುವ ನನ್ನ ಫಿಲ್ಟರ್ ಚೆನ್ನಾಗಿ ಓಡುತ್ತಿತ್ತು. ಸೋಮವಾರ ಕೆಟ್ಟಿತು. ಫಿಲ್ಟರ್ ಕೋಡ್‌ನಲ್ಲಿ ಒಂದು ಸಾಲನ್ನೂ ಮುಟ್ಟಿರಲಿಲ್ಲ. ಚಿಪ್‌ನ ಎಕ್ಸ್, ವೈ ಎಂಬ ಎರಡು ಡೇಟಾ ಮೆಮೊರಿಗಳಲ್ಲಿ ವೈಗೆ 35 ಅಂಕಿಗಳ ಒಂದು ಚಿಕ್ಕ ಅರೇ (ಅಂಕಿಗಳ ಸಾಲು) ಸೇರಿಸಿದ್ದೆ, ಅಷ್ಟೇ.

ಹೊಸಬರಿಗೆ ಎರಡು ಮಾತು. ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಸೋದರಮಾವನ ಹಿಟ್ಟಿನ ಗಿರಣಿ ಇದೆ. "ಬೇರಿಂಗ್ ಹೋಗೋಕೆ ಮುಂಚೆ ಸಣ್ಣಗೆ ಸೀಟಿ ಹೊಡಿತೈತಿ ಕಣೋ, ಕಲ್ಲಿನ ಸದ್ದಲ್ಲಿ ಕೇಳ್ಸೋದೇ ಇಲ್ಲ" ಅಂತ ಮಾವ ಹೇಳಿದ್ದರಿಂದ ಈ ಕೆಲಸ ಶುರುವಾಯಿತು. ಬೇರಿಂಗ್ ಹೌಸಿಂಗ್‌ಗೆ ನಡುಕವನ್ನು ವಿದ್ಯುತ್ ಸಿಗ್ನಲ್ ಮಾಡುವ ಪಿಜೋ ಬಿಲ್ಲೆ ಅಂಟಿಸಿದ್ದೇನೆ. ಸಿಗ್ನಲ್ ಡಿಎಸ್‌ಪಿಕ್33ಎಫ್‌ಜೆ128ಜಿಪಿ802 ಅನ್ನೋ, ಸಿಗ್ನಲ್ ಲೆಕ್ಕ ಮಾಡುವ ಚಿಪ್‌ಗೆ ಬರುತ್ತದೆ. ಮೋಟರ್ ನಿಮಿಷಕ್ಕೆ 1440 ಸುತ್ತು, ಅಂದ್ರೆ ಸೆಕೆಂಡಿಗೆ 24. ಆ ಗುಡುಗು ನನಗೆ ಬೇಡ. 1000ದಿಂದ 3000 ಹರ್ಟ್ಜ್ ನಡುವಿನ ಸೀಟಿ ಮಾತ್ರ ಬೇಕು. ಅದಕ್ಕೆ 64 ಟ್ಯಾಪ್‌ನ ಎಫ್‌ಐಆರ್ ಫಿಲ್ಟರ್, ಅಂದ್ರೆ ಕೊನೆಯ 64 ಸ್ಯಾಂಪಲ್‌ಗಳನ್ನು (ಸದ್ದಿನ ಅಳತೆಗಳನ್ನು) 64 ಗುಣಕಗಳಿಂದ ಗುಣಿಸಿ ಕೂಡುವ ಲೆಕ್ಕ.

ಈ ಫಿಲ್ಟರ್ ಹಿಂದಿನ 64 ಸ್ಯಾಂಪಲ್‌ಗಳನ್ನು ಒಂದು ಸುತ್ತು ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಜಾಗ ತೋರಿಸುವ ಪಾಯಿಂಟರ್ ಗಾಣದ ಎತ್ತಿನ ಹಾಗೆ, ಕೊನೆ ಮುಟ್ಟಿದ ಮೇಲೆ ಶುರುವಿನ ಜಾಗಕ್ಕೇ ಬರಬೇಕು. ಪ್ರತಿ ಹೆಜ್ಜೆಗೂ "ಕೊನೆ ಬಂತಾ?" ಅಂತ ಕೋಡ್‌ನಲ್ಲಿ ಕೇಳುತ್ತಾ ಹೋದರೆ ಸಮಯ ಹಾಳು. ಡಿಎಸ್‌ಪಿಕ್‌ನಲ್ಲಿ ಈ ತಿರುವನ್ನು ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ಗುಣಿಸಿ, ಕೂಡಿ, ಎಕ್ಸ್ ಮತ್ತು ವೈ ಮೆಮೊರಿಗಳಿಂದ ಮುಂದಿನ ಎರಡು ಅಂಕಿ ತರುವುದು, ಎಲ್ಲವೂ ಒಂದೇ ಸೈಕಲ್‌ನಲ್ಲಿ. ಎಷ್ಟು ಚೆಂದ ಅಲ್ವಾ? ಆದರೆ ಒಂದು ಷರತ್ತು ಇದೆ. 64 ಅಂಕಿ ಅಂದ್ರೆ, ತಲಾ 2 ಬೈಟ್‌ನಂತೆ, 128 ಬೈಟ್. ಬಫರ್ ಶುರುವಾಗುವ ವಿಳಾಸ 128ರಿಂದ ಭಾಗವಾಗಬೇಕು, ಅಂದ್ರೆ ಕೆಳಗಿನ 7 ಬಿಟ್ ಸೊನ್ನೆ ಇರಬೇಕು.

ಮೊದಲು ಗಿರಣಿಯ ಸದ್ದನ್ನೇ ಕೊಟ್ಟು ಎರಡು ಸಂಜೆ ಕಳೆದೆ. ಏನೂ ಗೊತ್ತಾಗಲಿಲ್ಲ. ಬುಧವಾರ ಇಂಪಲ್ಸ್ ಕೊಟ್ಟೆ: ಒಂದು ಸ್ಯಾಂಪಲ್ 32767, ಮಿಕ್ಕಿದ್ದೆಲ್ಲ ಸೊನ್ನೆ. ಸರಿಯಾದ ಎಫ್‌ಐಆರ್ ಆಗಿದ್ದರೆ ಅದರ 64 ಗುಣಕಗಳೇ ಸಾಲಾಗಿ ಹೊರಗೆ ಬಂದು, ಆಮೇಲೆ ಸೊನ್ನೆ ಆಗಬೇಕು. ನನಗೆ ಮೊದಲ ಕೆಲವು ಸರಿ ಬಂದವು, ಆಮೇಲೆ ಬರೀ ಕಸ. ಹೊಸ ಅರೇಯ ಅಂಕಿಗಳೂ ಕೆಟ್ಟಿದ್ದವು. ಆಗ ಯಾವುದು ಯಾವ ವಿಳಾಸದಲ್ಲಿ ಕೂತಿದೆ ಅಂತ ತೋರಿಸುವ ಮ್ಯಾಪ್ ಫೈಲ್ ತೆರೆದೆ.

ಮುಂಚೆ ಬಫರ್ ವೈ ಮೆಮೊರಿಯ ಮೊದಲ ಜಾಗವಾದ ಹೆಕ್ಸ್ (16ರ ಎಣಿಕೆಯ) 2800ರಲ್ಲಿ ಕೂತಿತ್ತು. ಅದು 128ರಿಂದ ಭಾಗವಾಗುತ್ತದೆ. ಹೊಸ ಅರೇ 70 ಬೈಟ್, ಹೆಕ್ಸ್‌ನಲ್ಲಿ 46. ಅದು ಮುಂದೆ ಬಂದು ಕೂತು ಬಫರ್ 2846ಕ್ಕೆ ಸರಿದಿತ್ತು. ಇಷ್ಟು ದಿನ ಓಡಿದ್ದು ಅದೃಷ್ಟದಿಂದ, ಯಾವ ಗಡಿಯಲ್ಲಿ ಕೂರಬೇಕು ಅನ್ನೋ ಅಲೈನ್‌ಮೆಂಟ್ ನಾನು ಬರೆದೇ ಇರಲಿಲ್ಲ.

ಬಫರ್ ಘೋಷಣೆಗೆ ಅಲೈನ್ಡ್ 128 ಸೇರಿಸಿದೆ. ವಿಳಾಸ ಹಂಚುವ ಲಿಂಕರ್ ಅದನ್ನು 2880ಕ್ಕೆ ಒಯ್ದಿತು, ನಡುವೆ 58 ಬೈಟ್ ಖಾಲಿ ಉಳಿಯಿತು. ಅದೂ ಮನಸ್ಸಿಗೆ ಸರಿ ಬರಲಿಲ್ಲ. ದೊಡ್ಡ ಬಫರ್ ಮೊದಲು, ಚಿಕ್ಕ ಅರೇ ಆಮೇಲೆ ಬರುವ ಹಾಗೆ ಕೂರಿಸಿದೆ. ಖಾಲಿ ಜಾಗ ಹೋಯಿತು. ಮುಂದೆ 100 ಟ್ಯಾಪ್‌ನ ಫಿಲ್ಟರ್ ಹಾಕುವ ಆಸೆ ಇದೆ. ಅದು 200 ಬೈಟ್, ಆದರೆ ಗಡಿ 2ರ ಘಾತವೇ ಆಗಬೇಕಾದ್ದರಿಂದ 256ರ ಗಡಿ ಬೇಕು. ಆಗ ಅದೇ ಎಲ್ಲಕ್ಕಿಂತ ಮೊದಲು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಹಳೆಯ ಸಿ54ಎಕ್ಸ್ ಚಿಪ್‌ನವರು ಇನ್ನೂ ಜಾಗ್ರತೆ. ಅಲ್ಲಿ ಲೆಕ್ಕ ಬೈಟ್‌ನಲ್ಲಲ್ಲ, 16 ಬಿಟ್‌ನ ಪದಗಳಲ್ಲಿ. 31 ಪದಗಳ ಬಫರ್‌ಗೆ 32ರ ಗಡಿ ಸಾಕು. ಸರಿಯಾಗಿ 32 ಪದ ಇದ್ದರೂ ಅದಕ್ಕಿಂತ ದೊಡ್ಡದಾದ 64ರ ಗಡಿ ಬೇಕು. ಡಿಎಸ್‌ಪಿಕ್ ಲೆಕ್ಕವನ್ನು ಅಲ್ಲಿಗೆ ಹಾಗೇ ಒಯ್ಯಬೇಡಿ.

ಈಗ ಬೋರ್ಡ್ ಆನ್ ಆದ ಕೂಡಲೇ ವಿಳಾಸದ ಕೆಳಗಿನ 7 ಬಿಟ್ ನೋಡುತ್ತದೆ. ಸೊನ್ನೆ ಇಲ್ಲದಿದ್ದರೆ ಕೆಂಪು ಎಲ್‌ಇಡಿ ಹತ್ತಿಸಿ ನಿಲ್ಲುತ್ತದೆ.

ಶುಕ್ರವಾರ ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಗಿರಣಿಗೆ ಹೋದೆ. ಮಾವ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ತುಂಬಾ ಹೊತ್ತು ಕೇಳಿದರು. "ಕಲ್ಲಿನ ಸದ್ದು ಹೋಗೈತಿ. ಸೀಟಿ ಇನ್ನೂ ಇಲ್ಲ, ಬೇರಿಂಗ್ ಗಟ್ಟಿ ಐತಿ" ಅಂದರು. ಬೀರುವಿನಲ್ಲಿ ಇಟ್ಟಿದ್ದ ಸವೆದ ಹಳೇ ಬೇರಿಂಗ್ ತಂದು ಕೈಗಿಟ್ಟರು. ಭಾನುವಾರ ಗಿರಣಿ ರಜೆ. ಅದನ್ನು ಹಾಕಿ, ಖಾಲಿ ಓಡಿಸಿ, ಸದ್ದು ರೆಕಾರ್ಡ್ ಮಾಡಬೇಕು.